ನೀಲಮ್ಮನವರ ಎಡಗೈ

ನಾನು ಇಂಥದೊಂದು ಬರಹ ಬರೆಯುತ್ತಿದ್ದೇನೆಂದು ಗೊತ್ತಾದರೆ ನನ್ನ ಭಾವಮೈದ ಚಪ್ಪಾಳೆ ತಟ್ಟಿಕೊಂಡು ನಗುತ್ತಾನೆ. ನಗಲಿ. ವರ್ಷಗಟ್ಟಲೆ ಅವನನ್ನು ನಾನು ಗೇಲಿ ಮಾಡಿದ್ದೇನೆ. ಬೀಗ ಹಾಕಿದ ಕೋಣೆಯಲ್ಲಿ ಯಾರೋ ಕೆಮ್ಮಿದರು, ಹುಣಸೆಮರದ ಕೆಳಗೆ ಯಾರೋ ಹೆಸರು ಹಿಡಿದು ಕರೆದರು ಎಂದು ಅವನು ಕಣ್ಣರಳಿಸಿಕೊಂಡು ಹೇಳಿದಾಗಲೆಲ್ಲ, ‘ರಾತ್ರಿ ಏನು ತಿಂದಿದ್ದೆಯಪ್ಪಾ?’ ಎಂದು ಕೇಳಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದವನು ನಾನು. ಅಂಥ ಕಥೆ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕಣ್ಣಿಗೆ ಕಂಡದ್ದನ್ನು ಅಳೆದು ಚಿತ್ರ ಬರೆಯುವುದು ನನ್ನ ಕಸುಬು. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂದು ನಂಬಿಕೊಂಡು ಅರ್ಧ ಆಯುಷ್ಯ ಕಳೆದಿದ್ದೆ.

ಈಗಲೂ ದೆವ್ವ ಭೂತ ಇವೆಯೆಂದು ನಾನು ಹೇಳಲು ಹೊರಟಿಲ್ಲ. ಒಂದು ಮಧ್ಯಾಹ್ನ, ನನ್ನದೇ ಮನೆಯಲ್ಲಿ, ನನ್ನ ಮತ್ತು ನನ್ನ ಹೆಂಡತಿಯ ಕಣ್ಣೆದುರಿಗೆ ಆದದ್ದನ್ನು ಆದ ಹಾಗೆ ಹೇಳುತ್ತೇನೆ. ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಬಹಳ ವರ್ಷ ಭಾವಚಿತ್ರ ಬರೆದೆ. ಭಾವಚಿತ್ರ ಎಂದರೆ ಮುಕ್ಕಾಲು ಪಾಲು ಸತ್ತವರದ್ದು. ಬದುಕಿರುವವರಿಗೆ ಯಾರು ಚಿತ್ರ ಬರೆಸುತ್ತಾರೆ ಹೇಳಿ? ಅಪ್ಪನೋ ಅಮ್ಮನೋ ಹೋದ ಮೇಲೆ ಮಕ್ಕಳು ಒಂದು ಫೋಟೋ ಹಿಡಿದುಕೊಂಡು ಬರುತ್ತಿದ್ದರು. ಎಂಥ ಫೋಟೋ! ಯಾವುದೋ ಕಾರ್ಡಿನಿಂದ ಕಿತ್ತದ್ದು, ಮುಖದ ಮೇಲೆ ಅರ್ಧ ಸೀಲು ಬಿದ್ದದ್ದು, ಮದುವೆಯ ಗುಂಪಿನಲ್ಲಿ ಕಡಲೆಕಾಳಿನಷ್ಟು ಮುಖ ಇರುವುದು. ಅದರ ಮೇಲೆ ಚೌಕ ಚೌಕ ಗೆರೆ ಎಳೆದು, ಅದೇ ಚೌಕಗಳನ್ನು ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಎಳೆದುಕೊಂಡು ಒಂದೊಂದನ್ನೇ ತುಂಬುತ್ತ ಹೋಗಬೇಕು. ಮುಖ ಹಾಗೆ ಸಿಗುತ್ತದೆ. ಮೈ ಮಾತ್ರ ಸಿಗುವುದಿಲ್ಲ. ಮೈಗೆ ಮನೆಯವರಲ್ಲೇ ಯಾರನ್ನಾದರೂ ಕರೆಸಿ, ಸತ್ತವರ ಸೀರೆಯನ್ನೋ ಕೋಟನ್ನೋ ತೊಡಿಸಿ, ಎದುರಿಗೆ ಕೂರಿಸಿಕೊಂಡು ಬರೆಯುವುದು ನಮ್ಮ ಪದ್ಧತಿ. ಅಣ್ಣನ ತಲೆ, ತಮ್ಮನ ಮೈ. ಅತ್ತೆಯ ತಲೆ, ಸೊಸೆಯ ಮೈ. ಮೈಸೂರಿನ ಎಷ್ಟೋ ಹಾಲ್‌ಗಳಲ್ಲಿ ಮಾಲೆ ಹಾಕಿಸಿಕೊಂಡು ಕೂತಿರುವ ಹಿರಿಯರ ಕತ್ತಿನ ಕೆಳಗಿನದು ಅವರದ್ದಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಅಳತೆಯ ಮಾತಿಗೆ ಬಂದರೆ ಅದು ಇನ್ನೂ ದೊಡ್ಡ ಮೋಸ. ಮನುಷ್ಯನ ಎತ್ತರ ಅವನ ತಲೆಯ ಏಳೂವರೆಯಷ್ಟು ಎಂದು ನಮಗೆ ಕಲಿಸಿದ್ದರು. ನಮ್ಮ ಬೀದಿಯಲ್ಲಿ ಅರ್ಧ ಗಂಟೆ ನಿಂತು ನೋಡಿ, ಅಷ್ಟಿರುವವರು ಎಷ್ಟು ಜನ ಸಿಗುತ್ತಾರೆ? ನಮ್ಮಂಥ ಸಾಮಾನ್ಯರು ಆರೂವರೆಗೇ ಮುಗಿದುಹೋಗಿರುತ್ತೇವೆ. ಒಂದು ಭುಜ ಇಳಿದಿರುತ್ತದೆ, ಕತ್ತು ಹೂತುಹೋಗಿರುತ್ತದೆ, ಕೈ ಮೈಗಿಂತ ದೊಡ್ಡದಾಗಿರುತ್ತದೆ. ಆದರೆ ಗೋಡೆಯ ಮೇಲೆ ಹಾಗಿರುವಂತಿಲ್ಲವಲ್ಲ! ಜೀವಮಾನವೆಲ್ಲ ಲೆಡ್ಜರಿನ ಮೇಲೆ ಬಾಗಿ ಗೂನು ಬಿದ್ದವರನ್ನು ನಾನು ಅರಮನೆಯ ಅಧಿಕಾರಿಗಳ ಹಾಗೆ ನೆಟ್ಟಗೆ ಕೂರಿಸಿದ್ದೇನೆ. ಗಿಡ್ಡ ಹೆಂಗಸರಿಗೆ ಎಂಟು ತಲೆ ಎತ್ತರ ಕೊಟ್ಟಿದ್ದೇನೆ. ಮಕ್ಕಳು ಬಂದು ನೋಡಿ, ‘ಅಪ್ಪ ಹಿಂಗೇ ಇದ್ರು ಕಣ್ರೀ’ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂಗೆ ಯಾವತ್ತೂ ಇರಲಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಥೂ, ಎಂಥ ಕಸುಬು ಎಂದು ಈಗ ಅನ್ನಿಸುತ್ತದೆ. ಆಗ ಅದನ್ನೇ ಕೈಚಳಕ ಎಂದುಕೊಂಡು ಬೀಗುತ್ತಿದ್ದೆ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ದಿನ ಒಂಟಿಕೊಪ್ಪಲ್‌ನಿಂದ ಗುರುಸಿದ್ದಪ್ಪ ಎಂಬುವರು ಬಂದರು. ಬೆಲ್ಲದ ಮಂಡಿ ಇಟ್ಟು ಚೆನ್ನಾಗಿ ಮೇಲೆ ಬಂದವರು, ಮಠಕ್ಕೆ ನಡೆದುಕೊಳ್ಳುವ ಮನೆತನ. ಅವರ ತಾಯಿ ನೀಲಮ್ಮನವರು ಲಿಂಗೈಕ್ಯರಾಗಿ ಆರು ತಿಂಗಳಾಗಿತ್ತು. ಅವರು ತಂದದ್ದು ಸ್ವಾಮಿಗಳು ಪಾದಪೂಜೆಗೆ ಮನೆಗೆ ಬಂದಿದ್ದಾಗ ತೆಗೆದ ಗುಂಪಿನ ಫೋಟೋ. ಅದರಲ್ಲಿ ಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ, ತಲೆಯ ಮೇಲೆ ಸೆರಗು ಹೊದ್ದು ನಿಂತ ಒಬ್ಬ ಮುದುಕಿ. ಕತ್ತಿನ ತನಕ ಮಾತ್ರ ಕಾಣುತ್ತಿದ್ದರು. ಮುಂದೆ ನಿಂತವರ ಭುಜ ಉಳಿದದ್ದನ್ನು ಮುಚ್ಚಿತ್ತು.

‘ಬೇರೆ ಫೋಟೋ ಇಲ್ವೇ?’ ಎಂದೆ.

‘ನಮ್ಮವ್ವಂಗೆ ಫೋಟೋ ಅಂದ್ರೆ ಆಗ್ತಿರ್ಲಿಲ್ಲ ಬುಡಿ ಮೇಷ್ಟ್ರೇ’ ಎಂದರು. ಹಿಂದೆ ಸ್ಕೂಲಿನಲ್ಲಿ ನಾಲ್ಕು ವರ್ಷ ಡ್ರಾಯಿಂಗ್ ಹೇಳಿಕೊಟ್ಟಿದ್ದರಿಂದ ನನ್ನನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ‘ಅವ್ವ ಲಿಂಗಪೂಜೆಗೆ ಕೂತಿರೋ ಹಂಗೆ ಬರೀರಿ. ಎಡಗೈ ಎದೆ ಮುಂದೆ ಚೆನ್ನಾಗಿ ಕಾಣ್ಬೇಕು. ಅಂಗೈ ಮೇಲೆ ಲಿಂಗ ಇರ್ಬೇಕು. ಎಡಗೈ ಪೂರ್ತಿ ಕಾಣ್ಬೇಕು ನೋಡಿ, ಅದೇ ಮುಖ್ಯ.’

ಕೊರಳಲ್ಲಿ ಧರಿಸುವ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ಬಲಗೈಯಿಂದ ಪತ್ರೆ ಏರಿಸಿ ಪೂಜೆ ಮಾಡುವುದು ಅವರಲ್ಲಿ ಕ್ರಮ. ಅಂಥ ಚಿತ್ರಗಳನ್ನು ನಾನು ಹಿಂದೆಯೂ ಬರೆದಿದ್ದೆ. ಆದ್ದರಿಂದ ಎಡಗೈ ಎಡಗೈ ಎಂದು ಅವರು ಅಷ್ಟು ಸಲ ಹೇಳಿದ್ದು ನನಗೆ ವಿಚಿತ್ರವೆನ್ನಿಸಲಿಲ್ಲ. ಮಗಳಿಗೆ ಗಂಡು ಗೊತ್ತಾಗುವಂತಿದೆ, ಇನ್ನೊಂದು ತಿಂಗಳಲ್ಲಿ ಗಂಡಿನ ಕಡೆಯವರು ಮನೆ ನೋಡಲು ಬರುತ್ತಾರೆ, ಅಷ್ಟರೊಳಗೆ ಚಿತ್ರ ಹಾಲ್‌ನಲ್ಲಿ ಇರಬೇಕು ಎಂದರು. ಹೆತ್ತ ತಾಯಿಯ ಮೇಲೆ ಎಷ್ಟು ಭಕ್ತಿ ಎಂದುಕೊಂಡು ಒಪ್ಪಿಕೊಂಡೆ.

ಮೈಗೆ ಸೊಸೆಯನ್ನೇ ಕಳಿಸಿದರು. ಶೈಲಜಮ್ಮ ಎಂದು ಆಕೆಯ ಹೆಸರು. ನಲವತ್ತೈದರ ಆಸುಪಾಸಿನ, ಮಾತು ಕಡಮೆಯ ಹೆಂಗಸು. ದಿನ ಬಿಟ್ಟು ದಿನ ಮಧ್ಯಾಹ್ನ ಎರಡು ಗಂಟೆಗೆ ಆಟೋದಲ್ಲಿ ಬಂದು, ಅತ್ತೆಯ ಕಂದು ಬಣ್ಣದ ರೇಷ್ಮೆ ಸೀರೆಯನ್ನು ನಮ್ಮ ಮನೆಯಲ್ಲೇ ಉಟ್ಟುಕೊಂಡು, ಮಣೆಯ ಮೇಲೆ ಕೂರುತ್ತಿದ್ದರು. ಪೂಜೆಯಲ್ಲದ ಹೊತ್ತಿನಲ್ಲಿ, ಹೀಗೆ ಚಿತ್ರಕ್ಕೆಂದು ಲಿಂಗ ತೆಗೆದು ಹಿಡಿಯುವುದು ಬೇಡವೆಂದು ಅಂಗೈ ಮೇಲೆ ಒಂದು ನಿಂಬೆಹಣ್ಣು ಇಟ್ಟುಕೊಳ್ಳುತ್ತಿದ್ದರು. ಆಕೆಗೆ ಮುಜುಗರವಾಗದಿರಲೆಂದು ನನ್ನ ಹೆಂಡತಿ ಸರೋಜ ಹೊಸ್ತಿಲ ಹತ್ತಿರ ಸೊಪ್ಪು ಸೋಸುತ್ತ ಕೂತಿರುತ್ತಿದ್ದಳು.

ಮೊದಲ ದಿನ ಇದ್ದಿಲಿನಲ್ಲಿ ಪೂರಾ ಆಕಾರ ಹಾಕಿಕೊಂಡೆ. ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಎಡಗೈ ಗಿಡ್ಡವಾಗಿದೆ. ಮೊಣಕೈಯಿಂದ ಮಣಿಕಟ್ಟಿಗೆ ಹೆಚ್ಚುಕಡಮೆ ಒಂದು ತಲೆಯಷ್ಟು ಉದ್ದ ಬರಬೇಕು. ಅರ್ಧ ತಲೆಯಷ್ಟೂ ಇರಲಿಲ್ಲ. ಛೆ, ವಯಸ್ಸಾಯಿತು, ಕೈ ತಪ್ಪುತ್ತಿದೆ ಎಂದು ನನ್ನನ್ನೇ ಬಯ್ದುಕೊಂಡು ಒರೆಸಿ ಸರಿಮಾಡಿದೆ. ಆಮೇಲೆ ಬಣ್ಣದ ಮೊದಲ ಪದರ ಕೊಟ್ಟೆ. ಎರಡು ದಿನ ಬಿಟ್ಟು ಬಟ್ಟೆ ಸರಿಸಿದರೆ ಮತ್ತೆ ಅದೇ ಕಥೆ. ಮೋಟುಗೈ. ಈ ಸಲ ಅಂಗೈಯೂ ಚಿಕ್ಕದಾಗಿತ್ತು.

ಸರೋಜಳನ್ನು ಕರೆದು ತೋರಿಸಿದೆ. ‘ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಬಡ್ಕೊತಾ ಇದೀನಿ. ಕೇಳ್ತೀರಾ? ಎಲ್ರಿಗೂ ಎಂಟು ತಲೆ ಕೊಡೋರು ಈ ಅಜ್ಜಿಗೆ ಒಂದು ಕೈ ಕೊಡೋಕೆ ಜಿಪುಣತನ ಮಾಡ್ತಿದೀರಲ್ಲಾ’ ಎಂದು ನಕ್ಕಳು. ನಾನು ನಗಲಿಲ್ಲ. ಚಾಕುವಿನಲ್ಲಿ ಬಣ್ಣ ಕೆರೆದು ತೆಗೆದೆ. ನಿಜ ಹೇಳುತ್ತೇನೆ, ಆಗ ನನಗೆ ಹೆದರಿಕೆಯಾಗಿರಲಿಲ್ಲ, ಅವಮಾನವಾಗಿತ್ತು. ಅಳತೆಗೆ ಹೆಸರಾದವನ ಕೈಯಲ್ಲಿ ಇಂಥ ತಪ್ಪು ಎರಡು ಸಲ ಬರುವುದೆಂದರೇನು?

ಮಾರನೆಯ ದಿನ ಶೈಲಜಮ್ಮ ಬರುವ ದಿನವಲ್ಲ. ಊಟ ಮುಗಿಸಿ ಹಠ ಹಿಡಿದವನಂತೆ ಕೂತೆ. ಬೀದಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಕೈವಾರದಲ್ಲಿ ಮುಖದ ಉದ್ದ ತೆಗೆದುಕೊಂಡು, ಆ ಉದ್ದಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಅದೇ ಅಳತೆಗೆ ಕೈ ಬರೆದೆ. ಸುಮಾರು ಎರಡು ಗಂಟೆ ಹಿಡಿಯಿತು. ಚೆನ್ನಾಗಿ ಬಂತು ಕೂಡ. ಕೊನೆಗೆ ಸರೋಜಳನ್ನು ಕರೆದು ದಾರದ ಒಂದು ತುದಿಯನ್ನು ಚಿತ್ರದ ಮೊಣಕೈ ಹತ್ತಿರ ಹಿಡಿಯಲು ಹೇಳಿದೆ. ಇನ್ನೊಂದು ತುದಿ ಮಣಿಕಟ್ಟಿನ ಹತ್ತಿರ ನಾನು ಹಿಡಿದೆ. ದಾರವನ್ನು ಗೋಡೆಯ ಗೆರೆಗೆ ಇಟ್ಟು ನೋಡಿದೆವು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ‘ಸರಿಯಾಗಿದೆ ಕಣ್ರೀ, ಸುಮ್ನೆ ತಲೆ ಕೆಡಿಸ್ಕೊಂಡಿದ್ರಿ’ ಎಂದಳು. ಇಬ್ಬರೂ ಅಡುಗೆಮನೆಗೆ ಹೋಗಿ ಕಾಫಿ ಕುಡಿದೆವು. ಹದಿನೈದು ನಿಮಿಷವಾಗಿರಬಹುದು, ಇಪ್ಪತ್ತಂತೂ ಆಗಿಲ್ಲ. ಅಡುಗೆಮನೆಯಿಂದ ಮುಂದಿನ ಕೋಣೆಯ ಬಾಗಿಲು ನೇರ ಕಾಣುತ್ತದೆ. ಯಾರೂ ಒಳಗೆ ಹೋಗಲಿಲ್ಲ. ಮನೆಯಲ್ಲಿ ನಾವಿಬ್ಬರಲ್ಲದೆ ಇನ್ಯಾರೂ ಇರಲಿಲ್ಲ.

ತಿರುಗಿ ಬಂದು ನೋಡಿದರೆ ಕೈ ಮೋಟಾಗಿತ್ತು.

ಮಧ್ಯಾಹ್ನದ ನಾಲ್ಕು ಗಂಟೆ, ಕಿಟಕಿಯಿಂದ ಧಾರಾಳವಾಗಿ ಬೆಳಕು ಬರುತ್ತಿತ್ತು, ಹೊರಗೆ ಹೂವಿನವಳು ಕೂಗುತ್ತಿದ್ದಳು. ಕೈ ಮೊಣಕೈಯಿಂದ ನಾಲ್ಕು ಬೆರಳಿನಷ್ಟು ಮಾತ್ರ ಮುಂದೆ ಬಂದು ಅಲ್ಲಿಗೇ ಮುಗಿದುಹೋಗಿತ್ತು. ಮಗುವಿನ ಕೈಯಷ್ಟು ಚಿಕ್ಕ ಅಂಗೈ. ಹೆಬ್ಬೆಟ್ಟು ಒಳಗೆ ಮಡಚಿಕೊಂಡಿತ್ತು. ಅದರ ಮೇಲೆ ಲಿಂಗ ಒಂದು ಕಡೆ ವಾಲಿಕೊಂಡು ಈಗಲೋ ಆಗಲೋ ಬೀಳುವಂತೆ ನಿಂತಿತ್ತು. ಸರೋಜ ನನ್ನ ತೋಳು ಹಿಡಿದುಕೊಂಡಳು.

ನಾನು ಹತ್ತಿರ ಹೋಗಿ ನೋಡಿದೆ. ಎಣ್ಣೆ ಬಣ್ಣ ಹಸಿಯಾಗಿದ್ದಾಗ ಜಾರುತ್ತದೆ, ಒಪ್ಪಿಕೊಳ್ಳೋಣ. ಜಾರಿದರೆ ಕೆಳಕ್ಕೆ ಜಾರುತ್ತದೆಯೇ ಹೊರತು ಮೊಣಕೈ ಕಡೆಗೆ ಸರಿದು, ಹೆಬ್ಬೆಟ್ಟು ಮಡಚಿಕೊಂಡು ಕೂರುವುದಿಲ್ಲ. ಕುಂಚದ ಗೆರೆಗಳೆಲ್ಲ ನನ್ನವೇ. ನಾನು ಬಲದಿಂದ ಎಡಕ್ಕೆ ಕುಂಚ ಒತ್ತುವ ರೀತಿ ನನಗೆ ಗೊತ್ತಿಲ್ಲವೇ? ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ. ಮೊದಲು ಉದ್ದದ ಕೈ ಇದ್ದ ಜಾಗದಲ್ಲಿ ಈಗ ಸೀರೆಯ ಮಡಿಕೆ ಕಾಣುತ್ತಿತ್ತು, ಅದರ ಅಂಚಿನ ಜರಿ ಸಮೇತ. ಆ ಜಾಗದಲ್ಲಿ ನಾನು ಸೀರೆಯನ್ನು ಬರೆದೇ ಇರಲಿಲ್ಲ. ಕೈ ಮುಚ್ಚುವ ಜಾಗದಲ್ಲಿ ಯಾರಾದರೂ ಜರಿ ಬರೆಯುತ್ತಾರೆಯೇ?

ಮತ್ತೆ ದಾರ ಇಟ್ಟು ನೋಡಿದೆವು. ಗೋಡೆಯ ಮೇಲಿನ ಗೆರೆಯ ಅರ್ಧಕ್ಕೂ ಬರಲಿಲ್ಲ. ‘ಮುಚ್ಚಿಬಿಡಿ ಅದನ್ನ, ಮೊದಲು ಮುಚ್ಚಿಬಿಡಿ’ ಎಂದು ಸರೋಜ ದೇವರ ಕೋಣೆಗೆ ಹೋಗಿ ಕೂತಳು. ನಾನು ಬಟ್ಟೆ ಎಳೆದು ಜಗುಲಿಗೆ ಬಂದು ಕೂತೆ. ಭಾವಮೈದನ ಮುಖ ನೆನಪಾಯಿತು. ನಗು ಬರಲಿಲ್ಲ.

ಮಾರನೆಯ ಮಧ್ಯಾಹ್ನ ಶೈಲಜಮ್ಮ ಬಂದರು. ಕೆರೆದು ಹಾಕಬೇಕೆಂದುಕೊಂಡಿದ್ದರೂ ನನಗೆ ಆ ಬಟ್ಟೆ ಮುಟ್ಟಲು ಧೈರ್ಯ ಬಂದಿರಲಿಲ್ಲ. ಆಕೆ ಸೀರೆ ಉಟ್ಟು ಬಂದು ಮಣೆಯ ಮೇಲೆ ಕೂರುವ ಮೊದಲು, ‘ಎಷ್ಟು ಆಯ್ತು ನೋಡ್ಲಾ?’ ಎಂದು ತಾವೇ ಬಟ್ಟೆ ಸರಿಸಿಬಿಟ್ಟರು. ನಾನು ಬೇಡ ಎನ್ನುವಷ್ಟರಲ್ಲಿ ನೋಡಿಯಾಗಿತ್ತು. ಆಕೆಯ ಅಂಗೈಯಲ್ಲಿದ್ದ ನಿಂಬೆಹಣ್ಣು ಉರುಳಿ ಹೋಯಿತು.

‘ಇದನ್ನ ಯಾರು ಹೇಳಿದ್ರು ನಿಮ್ಗೆ?’

‘ಏನನ್ನ ತಾಯಿ? ಯಾರೂ ಏನೂ ಹೇಳಿಲ್ಲ. ಕೈ ತಪ್ಪಿ ಹಾಗೆ...’

‘ಸುಳ್ಳು ಹೇಳ್ಬೇಡಿ ಮೇಷ್ಟ್ರೇ. ಹೆಬ್ಬೆಟ್ಟು ಹಿಂಗೇ ಮಡಚ್ಕೊಂಡಿತ್ತು. ಕಡೇ ಮೂರು ವರ್ಷ ಆ ಕೈನ ರವಿಕೆ ತೋಳೊಳಕ್ಕೆ ತೂರಿಸ್ತಿದ್ದೋಳು ನಾನು. ನಂಗೆ ಗೊತ್ತಿಲ್ವಾ?’

ಆಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸರೋಜ ನೀರು ತಂದುಕೊಟ್ಟಳು. ಅಷ್ಟು ದಿನ ನಾಲ್ಕು ಮಾತಾಡದಿದ್ದ ಹೆಂಗಸು ಅವತ್ತು ಒಂದೇ ಉಸಿರಿಗೆ ಎಲ್ಲ ಹೇಳಿದರು. ನೀಲಮ್ಮನವರ ಎಡಗೈ ಹುಟ್ಟಿನಿಂದಲೇ ಹಾಗಿತ್ತಂತೆ. ಅದನ್ನು ಮುಚ್ಚಿಟ್ಟೇ ಮದುವೆ ಮಾಡಿದರಂತೆ, ಆಮೇಲೆ ಗಂಡ ಅದನ್ನು ಹಂಗಿಸದ ದಿನವಿರಲಿಲ್ಲವಂತೆ. ‘ಆ ಅಂಗೈ ಮೇಲೆ ಲಿಂಗ ನಿಲ್ತಿರ್ಲಿಲ್ಲ. ಬಲಗೈಲಿ ಇಟ್ಕೊಂಡು, ಮೋಟುಗೈಲೇ ಪತ್ರೆ ಏರಿಸ್ತಿದ್ರು. ಅದು ತಪ್ಪು, ಅಪಚಾರ ಅಂತ ಮಾವ ಬಯ್ತಿದ್ರು. ಅದ್ಕೇ ಬಾಗ್ಲು ಹಾಕ್ಕೊಂಡು ಪೂಜೆ ಮಾಡ್ತಿದ್ರು. ಸಾಯೋವರ್ಗೂ ಬಾಗ್ಲು ಹಾಕ್ಕೊಂಡೇ ಮಾಡಿದ್ರು.’

ಆಮೇಲೆ ಮಗಳ ವಿಚಾರ ಬಂತು. ಮನೆತನದಲ್ಲಿ ಅಂಗ ಊನ ಇದೆ, ಮುಂದೆ ಮಕ್ಕಳಿಗೂ ಬರಬಹುದು ಎಂದು ಹುಡುಗಿಗೆ ಎರಡು ಸಂಬಂಧ ತಪ್ಪಿಹೋಗಿದ್ದವು. ಅಂದಿನಿಂದ ಗಂಡಿನ ಕಡೆಯವರು ಬಂದಾಗಲೆಲ್ಲ ಅಜ್ಜಿಯನ್ನು ಹಿಂದಿನ ಕೋಣೆಯಲ್ಲಿ ಕೂರಿಸುತ್ತಿದ್ದರಂತೆ. ‘ನಾನೇ ಬಾಗ್ಲು ಎಳ್ಕೊಂಡು ಬರ್ತಿದ್ದೆ. ಒಂದು ದಿನಾನೂ ಬೇಜಾರು ಮಾಡ್ಕೊಳ್ಳಿಲ್ಲ. ಹೋಗಮ್ಮ, ಕಾಫಿ ಆರೋಗ್ತದೆ, ಕೊಡು ಹೋಗು ಅನ್ನೋರು.’ ಈಗ ಬರಲಿದ್ದವರ ಕಿವಿಗೂ ಯಾರೋ ಸುದ್ದಿ ಹಾಕಿದ್ದರು. ಅದಕ್ಕೇ ಈ ಚಿತ್ರ. ಗೋಡೆಯ ಮೇಲೆ ಅಜ್ಜಿ ಎಡಗೈ ಚಾಚಿ ಲಿಂಗ ಹಿಡಿದು ಕೂತಿದ್ದರೆ ಯಾರು ಏನು ಕೇಳುತ್ತಾರೆ? ಗುರುಸಿದ್ದಪ್ಪನವರ ಭಕ್ತಿಯ ಅರ್ಥ ನನಗೆ ಆಗ ಆಯಿತು. ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು ಬಂತು. ಇಷ್ಟು ವರ್ಷ ನಾನು ಬರೆದದ್ದರಲ್ಲಿ ಇಂಥವು ಎಷ್ಟಿದ್ದವೋ ಯಾರಿಗೆ ಗೊತ್ತು.

‘ಇದನ್ನ ಹೀಗೇ ಕೊಟ್ಟುಬಿಡುತ್ತೇನೆ ತಾಯಿ. ಬೇಕಾದರೆ ಇಟ್ಟುಕೊಳ್ಳಲಿ, ಬೇಡವಾದರೆ ಬಿಡಲಿ’ ಎಂದೆ. ಹೇಳುವಾಗ ನನಗೆ ಖಂಡಿತ ಹಾಗೆ ಮಾಡಬೇಕೆಂದೇ ಇತ್ತು.

ಶೈಲಜಮ್ಮ ಚಿತ್ರದ ಕಡೆ ತಿರುಗಿದರು. ‘ಒಂದ್ಸಲ ಅಂದಿದ್ರು. ಎರಡೂ ಕೈ ಕಾಣೋ ಹಂಗೆ ಒಂದೇ ಒಂದು ಫೋಟೋ ತೆಗೆಸ್ಕೋಬೇಕು ಕಣಮ್ಮ ಅಂತ. ಸುಮ್ನಿರಿ ಅತ್ತೆ ಅಂದ್ಬುಟ್ಟೆ ನಾನು’ ಎಂದು ಗಳಗಳ ಅತ್ತರು. ಆಮೇಲೆ ಮುಖ ಒರೆಸಿಕೊಂಡು, ಅಳು ನಿಂತ ಮೇಲೆ, ಕೈ ಮುಗಿದು ಕೇಳಿದರು. ‘ಸರಿ ಮಾಡ್ಬುಡಿ ಮೇಷ್ಟ್ರೇ. ನನ್ ಮಗಳ್ಗೆ ಎರಡು ಕೈನೂ ನೆಟ್ಟಗಿವೆ. ಅವ್ಳೇನು ಮಾಡಿದ್ಲು? ಇದೂ ತಪ್ಪೋದ್ರೆ ಅವ್ಳು ಮನೇಲೇ ಉಳ್ದೋಗ್ತಾಳೆ.’

ಇದಕ್ಕೆ ಏನು ಹೇಳುತ್ತೀರಿ? ಸತ್ತ ಮುದುಕಿಯ ನ್ಯಾಯ ಒಂದು ಕಡೆ, ಇಪ್ಪತ್ತೆರಡು ವರ್ಷದ ಹುಡುಗಿಯ ಬಾಳು ಇನ್ನೊಂದು ಕಡೆ. ಹುಡುಗಿಯನ್ನು ನಾನು ನೋಡಿಯೂ ಇರಲಿಲ್ಲ. ಆದರೂ ಆಗಲಿ ಎಂದೆ.

ಆಕೆ ಹೋದ ಮೇಲೆ ನಾನು ಕೋಣೆಯಲ್ಲಿ ಒಬ್ಬನೇ ಉಳಿದೆ. ಬಣ್ಣ ಕೆರೆಯಲು ಚಾಕು ಹಿಡಿದವನು ಹಾಗೇ ನಿಂತೆ. ಮತ್ತೆ ಬರೆದರೆ ಮತ್ತೆ ಮೋಟಾಗುತ್ತದೆ, ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆಗ ನಾನು ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಚಿತ್ರದ ಎದುರಿಗೆ ಕೂತು, ಬದುಕಿರುವವರ ಜೊತೆ ಮಾತಾಡುವಂತೆ ಗಟ್ಟಿಯಾಗಿ ಮಾತಾಡಿದೆ. ‘ಅಮ್ಮಾ, ನಿಮ್ಮ ಮೊಮ್ಮಗಳ ಮದುವೆ. ಇದೊಂದು ಸಲ ಬಿಟ್ಟುಕೊಡಿ. ಕೈ ಮುಚ್ಚಿಕೊಂಡುಬಿಡಿ’ ಎಂದೆ. ಅಷ್ಟೇ. ಚಿತ್ರದಲ್ಲಿ ಏನೂ ಅಲುಗಲಿಲ್ಲ. ಫೋಟೋದಲ್ಲಿದ್ದ ಹಾಗೇ ಆಕೆಯ ಕಣ್ಣು ಸ್ವಲ್ಪ ಕೆಳಗೆ ನೋಡುತ್ತಿತ್ತು.

ಕೆರೆದು, ಜರಿಯ ಅಂಚನ್ನು ಮುಚ್ಚಿ, ನಾಲ್ಕನೆಯ ಸಲ ಕೈ ಬರೆದೆ. ಉದ್ದನೆಯ, ದುಂಡನೆಯ, ಎಲ್ಲರೂ ಮೆಚ್ಚುವಂಥ ಕೈ. ಬರೆದು ಅಲ್ಲೇ ಕಾದು ಕೂತೆ. ಸಂಜೆಯಾಯಿತು, ಸರೋಜ ದೀಪ ಹಚ್ಚಿದಳು. ಕೈ ಹಾಗೇ ಇತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯದೆ ಓಡಿಬಂದು ನೋಡಿದೆ. ಹಾಗೇ ಇತ್ತು. ಎರಡು ದಿನ, ನಾಲ್ಕು ದಿನ, ಹತ್ತು ದಿನ. ದಾರ ಇಟ್ಟು ನೋಡಿದರೆ ಗೆರೆಗೆ ಸರಿಯಾಗಿ ಕೂರುತ್ತಿತ್ತು. ಸದ್ಯ, ಪೀಡೆ ಕಳೆಯಿತು ಎಂದು ನಾನು ನಿಟ್ಟುಸಿರುಬಿಟ್ಟೆ. ಸರೋಜ ಮಾತ್ರ ಮುಖ ಕೊಟ್ಟು ಮಾತಾಡಲಿಲ್ಲ. ನಾನು ಚಿತ್ರದ ಜೊತೆ ಮಾತಾಡಿದ್ದನ್ನು ಅವಳು ಒಳಗಿನಿಂದ ಕೇಳಿಸಿಕೊಂಡಿದ್ದಳು. ‘ಅವರನ್ನ ಹಾಗೆ ಕೇಳೋಕೆ ನೀವು ಯಾರು?’ ಎಂದಳು ಒಂದು ದಿನ.

ಗುರುಸಿದ್ದಪ್ಪನವರು ಚಿತ್ರ ಒಯ್ಯಲು ಬಂದು ಅದರ ಮುಂದೆ ನಿಂತರು. ಎಲ್ಲರ ಹಾಗೆ ‘ಅವ್ವ ಹಿಂಗೇ ಇದ್ರು’ ಎನ್ನುತ್ತಾರೆಂದು ಕಾದೆ. ‘ನಮ್ಮವ್ವ...’ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಟವಲಿನಲ್ಲಿ ಮುಖ ಒರೆಸಿಕೊಂಡು, ಆಳುಗಳಿಗೆ ಎತ್ತಿ ಎಂದು ಕೈಸನ್ನೆ ಮಾಡಿದರು. ಆ ಮನುಷ್ಯನನ್ನು ಕೆಟ್ಟವನೆನ್ನಲು ನನಗೆ ಅವತ್ತಿನಿಂದ ನಾಲಿಗೆ ಬಂದಿಲ್ಲ. ಗಂಡಿನ ಕಡೆಯವರು ಬಂದರು, ಚಿತ್ರ ನೋಡಿದರು, ಲಕ್ಷಣವಾದ ಹಿರಿಯರು ಎಂದು ಕೈ ಮುಗಿದರು ಎಂದು ಆಮೇಲೆ ಕೇಳಿದೆ. ಮದುವೆಗೆ ನಮಗೂ ಕರೆಯಿತ್ತು. ನಾವು ಹೋಗಲಿಲ್ಲ.

ಆಮೇಲೆ ಕಾಲ ಬದಲಾಯಿತು. ಎರಡು ಸಾವಿರ ಇಸವಿ ದಾಟುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಒಂದೇ ದಿನಕ್ಕೆ ಫೋಟೋ ದೊಡ್ಡದು ಮಾಡಿ, ಬೇಕಾದ ಕೋಟು, ಬೇಕಾದ ಒಡವೆ ಹಾಕಿಕೊಡುವವರು ಬಂದರು. ನನ್ನ ಕೋಣೆಗೆ ಬರುವವರು ನಿಂತರು. ಅದಕ್ಕೆ ನನಗೆ ದುಃಖವಾಯಿತು ಎಂದರೆ ಸುಳ್ಳು. ಹಳೆಯ ಚಿತ್ರಗಳಿಗೆ ಧೂಳು ತೆಗೆದು ಹೊಸ ವಾರ್ನಿಷ್ ಹಚ್ಚಿಕೊಡುವ ಕೆಲಸ ಮಾತ್ರ ಅಷ್ಟಿಷ್ಟು ಇತ್ತು. ಅಂಥ ಕೆಲಸಕ್ಕೇ, ಆ ಮದುವೆಯಾದ ಏಳೆಂಟು ವರ್ಷಗಳ ಮೇಲೆ, ಒಂಟಿಕೊಪ್ಪಲ್‌ನ ಆ ಮನೆಯಿಂದ ಕರೆ ಬಂತು. ಶೈಲಜಮ್ಮನವರ ಕೂದಲು ನರೆತಿತ್ತು. ಮಗಳು ಚೆನ್ನಾಗಿದ್ದಾಳೆ, ಎರಡು ಗಂಡುಮಕ್ಕಳು, ಇಬ್ಬರೂ ಗುಂಡುಕಲ್ಲಿನ ಹಾಗಿದ್ದಾರೆ ಎಂದರು. ಚಿತ್ರದ ವಿಚಾರ ಎತ್ತಲಿಲ್ಲ. ಕಾಫಿ ಮಾಡಲು ಒಳಗೆ ಹೋದರು.

ಹಾಲ್‌ನಲ್ಲಿ ನಾನೂ ಆ ಚಿತ್ರವೂ ಮಾತ್ರ ಉಳಿದೆವು. ನೀಲಮ್ಮನವರು ನಾನು ಕೊಟ್ಟ ಕೈ ಚಾಚಿಕೊಂಡು, ಎಡ ಅಂಗೈಯಲ್ಲಿ ಲಿಂಗ ಹಿಡಿದು, ಜೀವಮಾನದಲ್ಲಿ ಒಂದು ದಿನವೂ ಕೂರದ ಹಾಗೆ ಕೂತಿದ್ದರು. ಮದುವೆಯಾಯಿತು, ಮಕ್ಕಳಾದವು, ಇನ್ನು ಮುಚ್ಚಿಡಲು ಏನಿದೆ ಎಂದು ನನಗನ್ನಿಸಿತು. ಸುತ್ತ ನೋಡಿ, ಹತ್ತಿರ ಹೋಗಿ, ‘ಈಗ ತೋರಿಸಬಹುದು ಅಮ್ಮಾ’ ಎಂದೆ. ಹೊರಗೆ ಹೋಗಿ ಗೇಟಿನ ಹತ್ತಿರ ಹದಿನೈದು ನಿಮಿಷ ನಿಂತು ಒಳಗೆ ಬಂದೆ. ಕೈ ಹಾಗೇ ಇತ್ತು. ಕಾಫಿ ಕುಡಿದು, ಧೂಳು ಒರೆಸಿ, ವಾರ್ನಿಷ್ ಹಚ್ಚಿ ಮತ್ತೊಮ್ಮೆ ನೋಡಿದೆ. ಹಾಗೇ ಇತ್ತು. ಅದಾದ ಮೇಲೆ ಇನ್ನೆರಡು ಸಲ ಏನೋ ನೆಪ ಮಾಡಿಕೊಂಡು ಆ ಮನೆಗೆ ಹೋಗಿದ್ದೇನೆ.

ಅವತ್ತು ಮಧ್ಯಾಹ್ನ ಆ ಕೈ ಹೇಗೆ ಮೋಟಾಯಿತೋ ನನಗೆ ಗೊತ್ತಿಲ್ಲ. ಬಲ್ಲವರನ್ನು ಕೇಳಿದ್ದೇನೆ, ಅವರು ಹೇಳಿದ ಯಾವ ಕಾರಣವೂ ಆ ಜರಿಯ ಅಂಚಿಗೆ ಹೊಂದುವುದಿಲ್ಲ. ನಾನು ಕೇಳಿಕೊಂಡ ಮೇಲೆ ಅದು ಯಾಕೆ ನಿಂತಿತು ಎಂಬುದು ಅದಕ್ಕಿಂತ ಹೆಚ್ಚಾಗಿ ಕೊರೆಯುತ್ತದೆ. ಹುಟ್ಟಿದಂದಿನಿಂದ ಎಲ್ಲರೂ ಮುಚ್ಚಿಕೋ ಮುಚ್ಚಿಕೋ ಎಂದೇ ಅಂದ ಹೆಂಗಸು. ಸತ್ತ ಮೇಲೆ, ಯಾರೂ ತಡೆಯುವವರಿಲ್ಲವೆಂದು, ಪರಿಚಯವಿಲ್ಲದ ಒಬ್ಬನ ಮುಂದೆ ಮೂರು ಸಲ ತಾವಾಗಿಯೇ ಸೆರಗು ಸರಿಸಿ ತೋರಿಸಿದರು. ನಾನೂ ಮುಚ್ಚಿಕೊಳ್ಳಿ ಎಂದೆ. ಮರುಮಾತಾಡದೆ ಮುಚ್ಚಿಕೊಂಡರು. ಇನ್ನು ನಾನು ಎಷ್ಟು ಸಲ ಹೋಗಿ ಕೇಳಿದರೂ ಯಾಕೆ ತೋರಿಸುತ್ತಾರೆ?